ಹನ್ನೊಂದು ಹೆಜ್ಜೆ, ಒಂದೇ ಮಾತು

ಲಕ್ವ ಹೊಡೆದು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಟರ್ನರ್ ಮನೆಗೆ ಬಂದಾಗ ಅವನ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಪೂರ್ತಿ ಹೋಗಿತ್ತು. ಮೂವತ್ತನಾಲ್ಕು ವರ್ಷ ಲೇತ್ ಮುಂದೆ ನಿಂತು ಕಬ್ಬಿಣ ಕಡೆದವನು. ಕಾರ್ಖಾನೆಯಲ್ಲಿ ಆ ಕೆಲಸದಿಂದ ಅಂಟಿಕೊಂಡ ಹೆಸರೇ ಬೀದಿಯಲ್ಲೂ ಉಳಿದುಕೊಂಡಿತ್ತು. ಮಗ ಮತ್ತು ಪಕ್ಕದ ಮನೆಯಾತ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎರಡನೆಯ ಮಹಡಿಗೆ ಹೊತ್ತು ತಂದರು. ಬಾಗಿಲಲ್ಲಿ ಕಾದಿದ್ದ ಅವನ ತಾಯಿ ಮಗನ ಮುಖವನ್ನು ಒಮ್ಮೆ ನೋಡಿ, "ಗಡ್ಡ ಯಾಕೋ ತೆಗೆಸಿಲ್ಲ ಇವನಿಗೆ?" ಎಂದು ಮೊಮ್ಮಗನನ್ನು ಗದರಿಕೊಂಡಳು. ಆಕೆಗೆ ಎಂಬತ್ತೆರಡು. ಯಾರ ಮುಂದೆಯೂ ಅಳುವ ಅಭ್ಯಾಸ ಆಕೆಗಿರಲಿಲ್ಲ.

ಮನೆ ಎರಡು ಕೋಣೆಯದು. ಒಳಕೋಣೆಯ ಮಂಚದಿಂದ ಪಾಯಿಖಾನೆಯ ಬಾಗಿಲಿಗೆ ಹನ್ನೊಂದು ಹೆಜ್ಜೆ. ಮಗಳು ಮೊದಲ ದಿನವೇ ಎಣಿಸಿದ್ದಳು. ಆ ಹನ್ನೊಂದು ಹೆಜ್ಜೆಯ ಮೇಲೆ ಮನೆಯೇ ನಿಂತಿತ್ತು. ಟರ್ನರನ ಹೆಂಡತಿ ಹುಡುಗಿಯರ ಹಾಸ್ಟೆಲ್ಲಿನಲ್ಲಿ ನೂರನಲವತ್ತು ಜನಕ್ಕೆ ಅಡುಗೆ ಮಾಡುವವಳು. ವಾರ್ಡನ್ ಆರು ವಾರ ರಜೆ ಕೊಟ್ಟಿದ್ದರು. "ಏಳನೇ ವಾರಕ್ಕೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದೂ ಹೇಳಿದ್ದರು. ಮಗಳು ಬೆಳಿಗ್ಗೆ ಒಂಬತ್ತಕ್ಕೆ ಮೊಬೈಲ್ ಶೋರೂಮಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಮಗ ಬೇಕರಿಯಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುವವನು; ಅಜ್ಜಿ ಅವನನ್ನು ಗೂಬೆ ಎಂದೇ ಕರೆಯುತ್ತಿದ್ದಳು. ಅಜ್ಜಿಯ ಮಂಡಿಗಳು ಅವಳನ್ನೇ ಎತ್ತುತ್ತಿರಲಿಲ್ಲ. ಟರ್ನರ್ ತಾನಾಗಿ ಎದ್ದು ಪಾಯಿಖಾನೆಗೆ ಹೋಗಿ ಬರುವಂತಾದರೆ ಹೆಂಡತಿ ಕೆಲಸಕ್ಕೆ ಮರಳಬಹುದು. ಇಲ್ಲದಿದ್ದರೆ ಇಲ್ಲ. ಇದನ್ನು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯಿಂದ ಎರಡು ವಸ್ತು ಬಂದಿದ್ದವು. ಒಂದು, ಕೆಳಗೆ ನಾಲ್ಕು ಕಾಲಿರುವ ಊರುಗೋಲು. ಇನ್ನೊಂದು, ಹತ್ತು ಚಿತ್ರಗಳಿದ್ದ ದಪ್ಪ ಹಾಳೆ: ನೀರು, ಹಸಿವು, ಪಾಯಿಖಾನೆ, ಚಳಿ, ಹೌದು, ಬನ್ನಿ, ಬೇಡ, ನೋವು, ಭಯ, ಸಾಕು. ಮಾತು ಕಲಿಸುವ ಹೆಂಗಸು, ಇವರೆಲ್ಲ ಟೀಚರ್ ಎನ್ನುತ್ತಿದ್ದವರು, ಅದನ್ನು ಕೊಡುವಾಗ ಬೆರಳು ಮಾಡಿ ಹೇಳಿದ್ದರು.

"ಗಿಳಿಪಾಠ ಮಾಡಿಸ್ಬೇಡಿ. ಬೇಕಾದಾಗ ಬೇಕಾದ ಮಾತು, ಅಷ್ಟೇ. ಲೋಟ ಕೈಗೆ ಕೊಡೋಕೆ ಮುಂಚೆ ನೀರಿನ ಚಿತ್ರ ತೋರಿಸಿ, 'ನೀರು' ಅನ್ನಿಸಿ. ಮೊದಲು 'ನೋವು', 'ಬೇಡ' ಇವೆರಡು ಬಂದ್ರೆ ನಮಗೆ ಅರ್ಧ ಗೆದ್ದ ಹಾಗೆ."

ಮಗಳಿಗೆ ಈ ಕೊನೆಯ ಮಾತು ಸರಿಬರಲಿಲ್ಲ. ಮನೆಗೆ ಬಂದ ಸಂಜೆ ಹಾಳೆಯನ್ನು ಅಲಮಾರಿಯ ಕನ್ನಡಿಗೆ ಅಂಟಿಸುವಾಗ ಕೆಳಗಿನ ನಾಲ್ಕು ಚಿತ್ರಗಳನ್ನು ಹಿಂದಕ್ಕೆ ಮಡಚಿ, ಉಗುರಿನಿಂದ ಗೀರಿ, ಟೇಪು ಹಾಕಿದಳು. ಬೇಡ, ನೋವು, ಭಯ, ಸಾಕು ಕನ್ನಡಿಯ ಕಡೆ ಹೋದವು. ಆ ಜಾಗದಲ್ಲಿ ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ ಬಂತು: "ನಾನು ಚೆನ್ನಾಗಿದ್ದೇನೆ. ದಿನದಿನಕ್ಕೆ ಬಲವಾಗುತ್ತಿದ್ದೇನೆ."

"ಏನೇ ಅದು?" ಎಂದಳು ಅಜ್ಜಿ.

"ದಿನಾ ಬೆಳಿಗ್ಗೆ ಎದ್ದ ತಕ್ಷಣ ಹೇಳ್ಬೇಕು ಅಜ್ಜಿ. ಬಾಯಿ ಏನು ಹೇಳುತ್ತೋ ಮನಸ್ಸು ಅದನ್ನ ನಂಬುತ್ತೆ, ಮನಸ್ಸು ನಂಬಿದ್ದನ್ನ ಮೈ ಮಾಡುತ್ತೆ."

"ನಿಮ್ಮ ಶೋರೂಮಲ್ಲಿ ಕೆಟ್ಟುಹೋದ ಫೋನಿಗೂ ಹೀಗೇ ಹೇಳಿಸ್ತೀರಾ?"

ಹೊರಕೋಣೆಯಲ್ಲಿ ಮಲಗಿದ್ದ ಮಗ ಹೊದಿಕೆಯೊಳಗಿಂದಲೇ, "ಅಜ್ಜಿಗೂ ಒಂದು ಚೀಟಿ ಅಂಟಿಸು ಅಕ್ಕ. 'ನನ್ನ ಹಲ್ಲು ದಿನದಿನಕ್ಕೆ ಮೊಳೀತಿದೆ' ಅಂತ" ಎಂದ.

"ನೀನು ಮಲ್ಕೋ ಗೂಬೆ" ಎಂದಳು ಅಜ್ಜಿ. ಆದರೆ ನಕ್ಕಳು.

ಮಗಳು ತಿಳಿಗೇಡಿಯಲ್ಲ. ಎರಡು ವರ್ಷದ ಹಿಂದೆ ಅವಳು ಗಿರಾಕಿಯ ಮುಂದೆ ನಿಂತರೆ ಬೆಲೆ ಹೇಳಲೂ ತಡವರಿಸುತ್ತಿದ್ದಳು; ಮೂರನೆಯ ತಿಂಗಳಲ್ಲೇ ತೆಗೆದುಹಾಕುವವರಿದ್ದರು. ಅಲ್ಲಿ ದಿನವೂ ಬೆಳಿಗ್ಗೆ ಶಟರು ಅರ್ಧ ಎತ್ತಿ, ಹನ್ನೆರಡು ಜನ ಸಾಲಾಗಿ ನಿಂತು, ಮ್ಯಾನೇಜರ್ ಹೇಳಿಕೊಟ್ಟ ಐದು ವಾಕ್ಯ ಹೇಳುತ್ತಿದ್ದರು. 'ನಾನು ಸಮರ್ಥಳು, ನನ್ನ ಮಾತು ಕೇಳುವವರಿದ್ದಾರೆ.' ಅವಳು ಬಸ್ಸಿನಲ್ಲೂ ಹೇಳಿಕೊಂಡಳು, ಸ್ನಾನ ಮಾಡುವಾಗಲೂ ಹೇಳಿಕೊಂಡಳು. ಈಗ ಅವಳು ಫ್ಲೋರ್ ಇನ್‌ಚಾರ್ಜ್. ತನಗೆ ಕೆಲಸ ಉಳಿಸಿಕೊಟ್ಟದ್ದನ್ನು ಅವಳು ಅಪ್ಪನಿಗೆ ಕೊಟ್ಟಳು.

ಮೊದಲ ಎರಡು ವಾರ ಟರ್ನರನ ಬಾಯಿಂದ ಗಾಳಿಯ ಹೊರತು ಏನೂ ಬರಲಿಲ್ಲ. ದಿನಚರಿ ಮಾತ್ರ ತಪ್ಪಲಿಲ್ಲ. ಆರೂವರೆಗೆ ಮಗ ಬೇಕರಿಯಿಂದ ಬರುತ್ತಿದ್ದ, ಕೈಯಲ್ಲಿ ಆಕಾರ ಕೆಟ್ಟ ಬನ್ನುಗಳ ಪೊಟ್ಟಣ. ಹೆಂಡತಿ ಗಂಡನನ್ನು ಎಬ್ಬಿಸಿ, ಒರೆಸಿ, ಒಣ ಬಟ್ಟೆ ಉಡಿಸುತ್ತಿದ್ದಳು. ಏಳಕ್ಕೆ ಮಗಳು ಕನ್ನಡಿಯ ಮುಂದೆ ಅಪ್ಪನ ಕುರ್ಚಿ ಎಳೆದು, ಅವನ ಗದ್ದ ಹಿಡಿದು ಒಂದೊಂದೇ ಅಕ್ಷರ ಹೇಳಿಸುತ್ತಿದ್ದಳು. ಇಪ್ಪತ್ತು ಸಲ. ಆಮೇಲೆ ಹಾಲಿನಲ್ಲಿ ಅದ್ದಿದ ಬನ್ನು. ಆಮೇಲೆ ಊರುಗೋಲು ಹಿಡಿದು ಎರಡು ಹೆಜ್ಜೆ, ನಾಲ್ಕು ಹೆಜ್ಜೆ.

ಮನೆಯಲ್ಲಿ ಇನ್ನೊಂದು ನಿಯಮವೂ ಬಂತು: ಅಪ್ಪನ ಮುಂದೆ ಯಾರೂ ಕೆಟ್ಟದ್ದು ಆಡಬಾರದು. ಸುಸ್ತು, ಕಷ್ಟ, ಆಗಲ್ಲ, ಯಾವುದೂ ಇಲ್ಲ. ಒಂದು ದಿನ ಬಟ್ಟೆ ಹಿಂಡುತ್ತಿದ್ದ ಹೆಂಡತಿ ಸೊಂಟ ಹಿಡಿದುಕೊಂಡು, "ಅಯ್ಯೋ, ಸತ್ತೆ" ಎಂದಳು.

"ಅಮ್ಮಾ!"

"ಸೊಂಟ ನೋಯ್ತಿದೆ ಕಣೇ. ಅದಕ್ಕೇನು ಹಾಡು ಹೇಳ್ಲಾ?"

"ಅಪ್ಪ ಕೇಳಿಸ್ಕೋತಾರೆ. ಆ ಕಡೆ ಹೋಗಿ ಹೇಳು."

"ಆ ಕಡೆ ಯಾವ ಕಡೆಯೇ? ಇರೋದು ಎರಡು ಕೋಣೆ. ಸೊಂಟನೋವು ಹೇಳ್ಕೊಳ್ಳೋಕೆ ಮಹಡಿ ಇಳಿದು ಬೀದಿಗೆ ಹೋಗ್ಲಾ?"

ಹೀಗೆ ಹೇಳಿದರೂ ಆಮೇಲೆ ಅವಳು ತಗ್ಗಿದಳು. ವಾರ್ಡನ್ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. "ದಿನದಿನಕ್ಕೆ ಬಲವಾಗ್ತಿದಾರೆ ಮೇಡಂ" ಎಂದು ಅವಳೂ ಹೇಳುವುದನ್ನು ಕಲಿತಳು.

ಮೂರನೆಯ ವಾರದ ಶುಕ್ರವಾರ ಬೆಳಿಗ್ಗೆ, ಹದಿನಾರೋ ಹದಿನೇಳೋ ಸಲಕ್ಕೆ, ಟರ್ನರ್ ಇಡೀ ವಾಕ್ಯ ಹೇಳಿದ. "ನಾನು ಚೆನ್ನಾಗಿದೀನಿ." ಸ್ಪಷ್ಟವಾಗಿ, ತನ್ನದೇ ಹಳೆಯ ದನಿಯಲ್ಲಿ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಯಾರೂ ಹೋಗಲಿಲ್ಲ. ಮಗಳು ಅವನ ತಲೆ ತಬ್ಬಿಕೊಂಡಳು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗ ಎರಡೂ ಕೈಯಲ್ಲಿ ಬನ್ನು ಹಿಡಿದು, "ಅಪ್ಪಾ, ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕುಣಿದ. ಟರ್ನರ್ ಇನ್ನೊಂದು ಸಲ ಹೇಳಿದ. ಅವನೂ ಅತ್ತ.

ಆ ದಿನದಿಂದ ಅವನು ಬಾಯಿ ತೆರೆದಾಗಲೆಲ್ಲ ಅದೇ ಬಂತು. ನೀರು ಬೇಕಾದಾಗ ಲೋಟದ ಕಡೆ ನೋಡಿ, "ನಾನು ಚೆನ್ನಾಗಿದೀನಿ." ಫ್ಯಾನು ನಿಲ್ಲಿಸಬೇಕಾದಾಗ ಮೇಲೆ ನೋಡಿ, "ನಾನು ಚೆನ್ನಾಗಿದೀನಿ." ಸಾರು ಬಿಸಿಯಾಗಿ ತುಟಿ ಸುಟ್ಟಾಗಲೂ ಅದೇ. ಮೊದಮೊದಲು ಮನೆಯವರು ನಕ್ಕರು, ಅವನೂ ಜೊತೆಗೆ ನಕ್ಕ. ಬರಬರುತ್ತ ಅವನು ನಗುವುದನ್ನು ಬಿಟ್ಟ. ಹೇಳಿದ ಮೇಲೆ ತನ್ನ ಬಾಯಿಯನ್ನು ಎಡಗೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ. ಲೇತಿನಿಂದ ಅಳತೆ ತಪ್ಪಿ ಬಂದ ಭಾಗವನ್ನು ಮುಟ್ಟಿ ನೋಡುವ ಹಾಗೆ.

"ಅವನಿಗೆ ಬೇರೇನೋ ಹೇಳೋದಿದೆ ಕಣೇ" ಎಂದಳು ಅಜ್ಜಿ, ಸೊಸೆಗೆ.

"ಮಾತು ಬಂತಲ್ಲ ಅತ್ತೆ. ಒಂದು ಬಂದ್ರೆ ಇನ್ನೊಂದು ಬರುತ್ತೆ."

"ಬಂದಿರೋದು ಮಾತಲ್ಲ. ಹೆತ್ತವಳು ನಾನು, ನನಗೆ ಗೊತ್ತಾಗಲ್ವಾ? ಹಸಿದಾಗ ಬೇರೆ ಥರ ಅಂತಾನೆ, ಸಿಟ್ಟು ಬಂದಾಗ ಬೇರೆ ಥರ ಅಂತಾನೆ."

"ಹಾಗಾದ್ರೆ ನಿಮಗೆ ಅರ್ಥ ಆಗುತ್ತಲ್ಲ, ಸಾಕು ಬಿಡಿ."

ಐದನೆಯ ವಾರದ ಹೊತ್ತಿಗೆ ಒಬ್ಬರು ತೋಳು ಹಿಡಿದರೆ ಅವನು ಹನ್ನೊಂದು ಹೆಜ್ಜೆಯನ್ನೂ ಮುಗಿಸುತ್ತಿದ್ದ. ಆ ಮಂಗಳವಾರ ಹೆಂಡತಿ ಹಾಸ್ಟೆಲ್ಲಿಗೆ ಮುಖ ತೋರಿಸಿ ಬರಲು ಹೋಗಿದ್ದಳು. ಅಜ್ಜಿ ಬಿಸಿಲಿಗೆಂದು ಹೊರಗಿನ ಪಡಸಾಲೆಯಲ್ಲಿ ಕೂತಿದ್ದಳು. ಹನ್ನೊಂದು ಗಂಟೆಗೆ ಏನೋ ಬಿದ್ದ ಸದ್ದಾಗಿ ಮಗ ನಿದ್ದೆಗಣ್ಣಿನಲ್ಲಿ ಎದ್ದು ಓಡಿದ. ಟರ್ನರ್ ಪಾಯಿಖಾನೆಯ ಹೊಸ್ತಿಲ ಮೇಲೆ ಬಲ ಮಗ್ಗುಲಾಗಿ ಬಿದ್ದಿದ್ದ. ಊರುಗೋಲು ಅಷ್ಟು ದೂರ ಹೋಗಿತ್ತು. ಒಬ್ಬನೇ ಹತ್ತು ಹೆಜ್ಜೆ ನಡೆದಿದ್ದ.

"ಅಯ್ಯೋ ಅಪ್ಪಾ, ಕರೀಬಾರ್ದಾ? ಪೆಟ್ಟಾಯ್ತಾ? ಎಲ್ಲಾದ್ರೂ ನೋಯ್ತಿದೆಯಾ?"

"ನಾನು ಚೆನ್ನಾಗಿದೀನಿ" ಎಂದ ಟರ್ನರ್.

ಮಗ ಅವನನ್ನು ಎತ್ತಿ, ಮಂಚಕ್ಕೆ ತಂದು ಮಲಗಿಸಿ, ನೀರು ಕೊಟ್ಟು, ಮತ್ತೆ ಹೋಗಿ ಮಲಗಿದ. ಬಚ್ಚಿಡಲಿಲ್ಲ. ಮಧ್ಯಾಹ್ನ ತಾಯಿ ಬಂದ ಕೂಡಲೇ ಹೇಳಿದ; ತಾಯಿ ಗಾಬರಿಯಾಗಿ ಮತ್ತೆ ಕೇಳಿದಳು. ರಾತ್ರಿ ಮಗಳು ಬಂದು ಅವಳೂ ಕೇಳಿದಳು. ಮೂವರೂ ಕೇಳಿದರು, ಮೂವರಿಗೂ ಒಂದೇ ಉತ್ತರ ಸಿಕ್ಕಿತು. ಮಂಡಿಯಲ್ಲಿ ಸ್ವಲ್ಪ ಚರ್ಮ ಕಿತ್ತಿತ್ತು, ಅದಕ್ಕೆ ಮುಲಾಮು ಹಚ್ಚಿದರು.

"ಒಬ್ಬರೇ ಹತ್ತು ಹೆಜ್ಜೆ ಹೋಗಿದಾರೆ ಅಂದ್ರೆ ಸುಮ್ನೇನಾ?" ಎಂದಳು ಮಗಳು. "ಬಿದ್ದ ಹೆದರಿಕೆ ಒಳಗೆ ಕೂರೋಕೆ ಬಿಡ್ಬಾರ್ದು. ನಾಳೆಯಿಂದ ದಿನಕ್ಕೆ ಮೂರು ಸಲ ನಡಿಸ್ಬೇಕು. ಅಮ್ಮನ ರಜೆ ಇನ್ನು ಉಳಿದಿರೋದು ಹನ್ನೆರಡು ದಿನ."

ಬುಧವಾರ ಅವನು ಮಂಚದಿಂದ ಏಳಲು ಒಪ್ಪಲಿಲ್ಲ. ಎಡಗೈಯಿಂದ ಮಂಚದ ಪಟ್ಟಿ ಹಿಡಿದುಕೊಂಡ. ಬೆರಳು ಒಂದೊಂದೇ ಬಿಡಿಸಿ ಎಬ್ಬಿಸಿದರು.

"ಕಾಲು ಊರ್ತಿಲ್ಲ ಅವನು" ಎಂದಳು ಅಜ್ಜಿ.

"ಬಲಗಾಲು ಅಜ್ಜಿ ಅದು. ಲಕ್ವ ಹೊಡೆದಿರೋ ಕಾಲು" ಎಂದಳು ಮಗಳು.

"ಸೋಮವಾರ ಊರ್ತಿದ್ದ."

"ಹೆದರಿದಾರೆ. ಅಪ್ಪಾ, ಹೆದರಿಕೆ ಇಲ್ಲ ಅಲ್ವಾ? ಹೇಳಿ, ನಾನು..."

"ನಾನು ಚೆನ್ನಾಗಿದೀನಿ!"

"ನೋಡು, ಅವರೇ ಹೇಳ್ತಿದಾರೆ."

"ಅವನು ಹೇಳ್ತಿಲ್ಲ ಕಣೇ, ಕಿರುಚ್ತಿದಾನೆ!"

"ಅಜ್ಜಿ, ನೀನು ಹೊರಗೆ ಹೋಗಿ ಕೂತ್ಕೋ. ನೀನು ಹೀಗೆ ಮಾತಾಡಿದ್ರೆ ಅವರು ಯಾವತ್ತೂ ಏಳಲ್ಲ."

ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಪಾತ್ರೆಯ ಕಡೆ ತಿರುಗಿದಳು. ಅಜ್ಜಿ ಗೋಡೆ ಹಿಡಿದುಕೊಂಡು ಪಡಸಾಲೆಗೆ ಹೋಗಿ ಕೂತಳು. ಮಧ್ಯಾಹ್ನ ಊಟಕ್ಕೆ ಕರೆದರೆ, "ನಾನೂ ಚೆನ್ನಾಗಿದೀನಿ, ಹಸಿವಿಲ್ಲ" ಎಂದಳು.

ಗುರುವಾರವೂ ಶುಕ್ರವಾರವೂ ಮೂರು ಮೂರು ಸಲ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಮಗ. ಟರ್ನರನ ಅಂಗಿ ಬೆವರಿನಿಂದ ಒದ್ದೆಯಾಗುತ್ತಿತ್ತು. ದಿನಕ್ಕೆ ಎರಡು ಅಂಗಿ ಹೆಚ್ಚಿಗೆ ಒಗೆಯಬೇಕಾಯಿತು. ಊಟ ಅರ್ಧಕ್ಕೇ ಬಿಡುತ್ತಿದ್ದ. "ಶ್ರಮ ಬಿದ್ರೆ ಹಸಿವಾಗ್ಬೇಕಲ್ವಾ?" ಎಂದು ಹೆಂಡತಿ ಒಮ್ಮೆ ಅಂದಳು.

ಶನಿವಾರ ಮಗಳು ಅರ್ಧ ದಿನ ರಜೆ ಹಾಕಿ ಬಂದಳು. ಪಕ್ಕದ ಮನೆಯವರನ್ನು ಬಾಗಿಲಿಗೆ ಕರೆದಳು. ತಾನು ಪಾಯಿಖಾನೆಯ ಬಾಗಿಲಲ್ಲಿ ನಿಂತು ಫೋನು ಎತ್ತಿ ಹಿಡಿದು, "ಬನ್ನಿ ಅಪ್ಪಾ, ಒಂದೊಂದು ಹೆಜ್ಜೆಗೂ ಒಂದೊಂದು ಸಲ" ಎಂದಳು. ಟರ್ನರ್ ಬಂದ. ಹನ್ನೊಂದು ಹೆಜ್ಜೆಗೆ ಹನ್ನೊಂದು ಸಲ ಹೇಳಿದ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ. ಎಂಟನೆಯದಕ್ಕೆ ದನಿ ಸೀಳಿತು. ಕೊನೆಯದು ಮುಗಿದಾಗ ಪಕ್ಕದ ಮನೆಯಾಕೆ ಚಪ್ಪಾಳೆ ಹೊಡೆದಳು. ಒಂದು ನಿಮಿಷ ನಲವತ್ತು ಸೆಕೆಂಡಿನ ಆ ವಿಡಿಯೋ ಸಂಜೆಯೊಳಗೆ ಶೋರೂಮಿನ ಗ್ರೂಪಿನಲ್ಲಿತ್ತು. 'ಇದು ನೋಡಿ ಮನಸ್ಸಿನ ಶಕ್ತಿ' ಎಂದು ಮ್ಯಾನೇಜರ್ ಬರೆದರು. ಮೇಲಿನ ಆಫೀಸಿಗೂ ಕಳಿಸುವುದಾಗಿ ಹೇಳಿದರು.

ಭಾನುವಾರ ಬೆಳಿಗ್ಗೆ ಒಣ ಬಟ್ಟೆ ಉಡಿಸಲು ಹೊದಿಕೆ ಸರಿಸಿದಾಗ ಅಜ್ಜಿ ಮಂಚದ ಕಾಲದೆಸೆಯಲ್ಲಿದ್ದಳು.

"ಹಿಮ್ಮಡಿ ನೋಡು" ಎಂದಳು.

"ಏನತ್ತೆ?"

"ಎರಡೂ ಹಿಮ್ಮಡಿ ಸಮ ಇಲ್ಲ. ಬಲಗಾಲು ಗಿಡ್ಡ ಆಗಿದೆ. ಪಾದ ಆಚೆ ಕಡೆ ತಿರುಗಿ ಬಿದ್ದಿದೆ."

ಸೊಸೆ ನೋಡಿದಳು. ಮೊಮ್ಮಗಳು ಸ್ಕೇಲು ತರಲು ಹೋದಳು. ಅಷ್ಟರಲ್ಲಿ ಮೊಮ್ಮಗ ಚಪ್ಪಲಿ ಹಾಕಿಕೊಂಡು ಗಾಡಿ ಕರೆಯಲು ಇಳಿದಾಗಿತ್ತು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಸಣ್ಣ ವಯಸ್ಸಿನವರು, ದನಿ ಎತ್ತಲಿಲ್ಲ.

"ಯಾವತ್ತು ಬಿದ್ರು?"

"ಮಂಗಳವಾರ" ಎಂದ ಮಗ.

"ಇವತ್ತು ಭಾನುವಾರ. ಅಲ್ಲಿವರೆಗೆ?"

"ನಡಿಸಿದ್ವಿ."

"ಎಷ್ಟು?"

"ದಿನಕ್ಕೆ ಮೂರು ಸಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬಿದ್ದಾಗ ತೊಡೆಮೂಳೆಯ ಕತ್ತು ಬಿರುಕು ಬಿಟ್ಟು ಒಂದಕ್ಕೊಂದು ಕಚ್ಚಿ ನಿಂತಿದ್ದಿರಬೇಕು, ನಡೆಸಿ ನಡೆಸಿ ಅದು ಪೂರ್ತಿ ಸರಿದಿದೆ ಎಂದರು. ಆವತ್ತೇ ಬಂದಿದ್ದರೆ ಸಣ್ಣ ಗಾಯ ಮಾಡಿ ಸ್ಕ್ರೂ ಹಾಕಿ ನಿಲ್ಲಿಸಬಹುದಿತ್ತು. ಈಗ ಕೀಲನ್ನೇ ಬದಲಿಸಬೇಕು, ದೊಡ್ಡ ಆಪರೇಷನ್. ಲಕ್ವ ಹೊಡೆದು ಎರಡು ತಿಂಗಳೂ ಆಗಿಲ್ಲ, ಹೃದಯವೂ ಸೋತಿದೆ. ಅರಿವಳಿಕೆ ಕೊಡುವವರು ಒಪ್ಪುವುದಿಲ್ಲ. ನಾಲ್ಕು ತಿಂಗಳ ನಂತರ ನೋಡೋಣ ಎಂದರು. ಆ ನಾಲ್ಕು ತಿಂಗಳು ಅವನು ಉಳಿಯುತ್ತಾನೆಯೇ ಎಂದು ಯಾರೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

"ಇಷ್ಟು ನೋವಲ್ಲಿ ಅವರು ಏನೂ ಹೇಳ್ಲಿಲ್ವಾ?"

ತಳ್ಳುಮಂಚದ ಮೇಲಿಂದ ಟರ್ನರನೇ ಉತ್ತರ ಕೊಟ್ಟ. "ನಾನು ಚೆನ್ನಾಗಿದೀನಿ."

ಸೋಮವಾರ ಮಾತಿನ ಟೀಚರ್ ವಾರ್ಡಿಗೆ ಬಂದರು. ಕೂತವರು ಮೊದಲು ಹಾಳೆ ಎಲ್ಲಿ ಎಂದು ಕೇಳಿದರು. ಮಗಳು ಮನೆಯಲ್ಲಿದೆ ಎಂದಳು. ಅದನ್ನು ಹೇಗೆ ಅಂಟಿಸಿದ್ದಾಳೆಂಬುದನ್ನೂ ಹೇಳಿದಳು, ಮುಚ್ಚಿಡಲಿಲ್ಲ. ಟೀಚರ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ಕೆಲವರಿಗೆ ಹೀಗಾಗುತ್ತೆ. ಪೆಟ್ಟು ಬಿದ್ದ ಮಿದುಳಿಗೆ ಒಂದೇ ವಾಕ್ಯ ಅಂಟ್ಕೊಂಡುಬಿಡುತ್ತೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಅವರಿಗೆ ಗೊತ್ತಿರುತ್ತೆ, ಅದಲ್ಲ ತಾನು ಹೇಳೋಕೆ ಹೊರಟಿದ್ದು ಅಂತ. ತಡಿಯೋಕಾಗಲ್ಲ."

"ನಾನು ಬೇರೆ ಮಾತು ಕಲಿಸಿದ್ರೆ ಅದು ಅಂಟ್ಕೋತಿತ್ತಾ?"

"ಹೇಳೋಕಾಗಲ್ಲಮ್ಮ. ಯಾವುದೂ ಅಂಟದೇನೂ ಇರಬಹುದಿತ್ತು. ಆದ್ರೆ ನೋವಿನ ಚಿತ್ರ ಕಣ್ಣಿಗೆ ಬೀಳೋ ಹಾಗಿದ್ದಿದ್ರೆ ಬೆರಳಿಟ್ಟು ತೋರಿಸ್ತಿದ್ರೇನೋ, ಎಡಗೈ ಚೆನ್ನಾಗಿದೆಯಲ್ಲ ಅವರಿಗೆ."

ಮಗಳು ಫೋನು ತೆಗೆದು ಶನಿವಾರದ ವಿಡಿಯೋ ತೋರಿಸಿದಳು. ಟೀಚರಿಗೆ ತೋರಿಸಬೇಕೆಂದೇ ಅವಳು ಅದನ್ನು ಮಾಡಿದ್ದಳು. ಟೀಚರ್ ಎರಡು ಹೆಜ್ಜೆ ನೋಡಿ, ಪಕ್ಕದ ಗುಂಡಿ ಒತ್ತಿ ಸದ್ದು ಪೂರ್ತಿ ಇಳಿಸಿ, ಫೋನನ್ನು ಅವಳಿಗೇ ಹಿಂದಕ್ಕೆ ಕೊಟ್ಟರು.

"ಈಗ ನೋಡಿ."

ಅವಳು ನೋಡಿದಳು. ಮಾತಿಲ್ಲದೆ ಅಲ್ಲಿ ಉಳಿದಿದ್ದು ಒಂದು ಮುಖ ಮಾತ್ರ. ಇನ್ನೂ ನಾಲ್ಕು ಹೆಜ್ಜೆ ಬಾಕಿ ಇರುವಾಗ ಅವಳು ಫೋನನ್ನು ಮೊಣಕಾಲ ಮೇಲೆ ಬೋರಲು ಹಾಕಿದಳು.

ಎರಡು ವಾರದ ನಂತರ ಟರ್ನರನನ್ನು ಅದೇ ಕುರ್ಚಿಯಲ್ಲಲ್ಲ, ಹಲಗೆಯ ಮೇಲೆ ಮಲಗಿಸಿ ಮೇಲೆ ತಂದರು. ಹಾಸ್ಟೆಲ್ಲಿನಲ್ಲಿ ಬೇರೆ ಅಡುಗೆಯವಳು ಸೇರಿಯಾಗಿತ್ತು. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಹಗಲು ಹೆಂಡತಿ ಮತ್ತು ಮಗ, ರಾತ್ರಿ ಹೆಂಡತಿ ಮತ್ತು ಮಗಳು. ಬೆನ್ನಿನ ಕೆಳಗೆ ಕೈ ಹೋದಾಗಲೆಲ್ಲ ಅವನು ಅದೇ ಮಾತು ಕೂಗುತ್ತಿದ್ದ. ಕೂಗು ಮುಗಿಯುವವರೆಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮಗಳು ನೀಲಿ ಚೀಟಿಯನ್ನು ಹರಿದು ಹಾಕಿದಳು. ಹಾಳೆಯನ್ನು ಕಿತ್ತು, ಬಿಡಿಸಿ, ಲಟ್ಟಣಿಗೆಯಿಂದ ಉಜ್ಜಿ ನೇರ ಮಾಡಲು ನೋಡಿದಳು. ಉಗುರಿನಿಂದ ಗೀರಿದ ಮಡಿಕೆ ಹೋಗಲಿಲ್ಲ. ಶೋರೂಮಿನಲ್ಲಿ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುತ್ತಿದ್ದಳು, ತುಟಿ ಆಡಿಸುತ್ತಿದ್ದಳು. ನಿಲ್ಲದಿದ್ದರೆ ಕೆಲಸ ಹೋಗುತ್ತಿತ್ತು, ಈಗ ಮನೆಯಲ್ಲಿ ಇರುವುದು ಎರಡೇ ಸಂಬಳ. ಆ ವಿಡಿಯೋ ಮೇಲಿನ ಆಫೀಸಿನಿಂದ ಬೇರೆ ಶಾಖೆಗಳಿಗೂ ಹೋಗಿತ್ತು. ತೆಗೆಸಿ ಎಂದು ಅವಳು ಎರಡು ಸಲ ಕೇಳಿದಳು. "ಎಷ್ಟು ಜನಕ್ಕೆ ಸ್ಫೂರ್ತಿ ಆಗಿದೆ ಗೊತ್ತಾ?" ಎಂದರು ಮ್ಯಾನೇಜರ್.

ಒಂದು ಭಾನುವಾರ ಪಕ್ಕದ ಮನೆಯಾಕೆ ಒಂದು ಡಬ್ಬಿ ಸಾರು ಹಿಡಿದು ಬಂದಳು. ಅಜ್ಜಿ ಮಗನ ತಲೆದೆಸೆಯಲ್ಲಿ ಕೂತು ಅವನ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದಳು.

"ಹೇಗಿದೀರಿ ಯಜಮಾನ್ರೇ?"

"ನಾನು ಚೆನ್ನಾಗಿದೀನಿ."

"ನೋಡಿ, ಎಂಥ ಧೈರ್ಯ! ಇಂಥ ಸ್ಥಿತೀಲೂ..."

"ಆಂಟಿ, ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದಳು ಮಗಳು. ಹಾಳೆ ತಂದು ಅಪ್ಪನ ಎಡಗೈಯ ಕೆಳಗೆ ಹಿಡಿದಳು. ಕಳೆದ ಮೂರು ವಾರಗಳಲ್ಲಿ ಬೆರಳು ಹಾದಿ ಕಲಿತಿತ್ತು. ದಿನಕ್ಕೆ ಹಲವು ಸಲ ಅದು ನೋವಿನ ಚಿತ್ರದ ಹುಬ್ಬು ಗಂಟಿಕ್ಕಿದ ಮುಖದ ಮೇಲೆ ಹೋಗಿ ನಿಲ್ಲುತ್ತಿತ್ತು. ಮಾತ್ರೆ ಕೊಡುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು.

ಅವಳು ಮಾತ್ರೆಯ ಡಬ್ಬಿಯನ್ನೂ ಎತ್ತಿಕೊಂಡಿದ್ದಳು. ಟರ್ನರನ ಬೆರಳು ನೀರನ್ನು ದಾಟಿತು, ಮಡಿಕೆ ದಾಟಿತು, ನೋವಿನ ಮುಖವನ್ನೂ ದಾಟಿ ಕೊನೆಯ ಚಿತ್ರಕ್ಕೆ ಹೋಯಿತು. ಎತ್ತಿ ಹಿಡಿದ ಅಂಗೈ. ಸಾಕು.

"ಸೋಪು ಸಾಕಾ ಅಪ್ಪಾ? ಆಮೇಲೆ ಮಾಡ್ಲಾ?"

ಬೆರಳು ಕದಲಲಿಲ್ಲ. ಅಜ್ಜಿ ಕೈ ನಿಲ್ಲಿಸಿದಳು. ಮಗಳು ಹಾಳೆಯನ್ನು ಹಿಡಿದೇ ಇದ್ದಳು.

"ಏನು ಸಾಕು ಅಪ್ಪಾ?"

ಟರ್ನರ್ ಅವಳ ಮುಖವನ್ನೇ ನೋಡಿದ. ನಿಧಾನವಾಗಿ, ಒಂದೊಂದೇ ಅಕ್ಷರ, ಅವಳು ಗದ್ದ ಹಿಡಿದು ಕಲಿಸಿದ ಹಾಗೆಯೇ ಹೇಳಿದ.

"ನಾನು ಚೆನ್ನಾಗಿದೀನಿ."